ಕುತ್ತಿಗೆಯವರೆಗೆ ತುಂಬಿದ ಫ್ಲಾಸ್ಕು

ಸಕ್ಕರೆಯ ತಟ್ಟೆಗೆ ನಾನು ಕೈ ಹಾಕಿದ ಗಳಿಗೆ ನನಗೆ ನೆನಪಿಲ್ಲ. ನೆನಪಿದೆ ಎಂದು ಅಂದುಕೊಂಡಿರುವುದೆಲ್ಲ ಅವ್ವ ಆಮೇಲೆ ಹೇಳಿದ್ದು, ಅವಳು ಹೇಳುವಾಗ ನಾನು ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರ. ರಕ್ತದಲ್ಲಿ ಸಕ್ಕರೆ ತೀರ ಇಳಿದಾಗ ಮಿದುಳು ಮಂಕಾಗುತ್ತದೆ. ಆ ಹೊತ್ತಿನಲ್ಲಿ ಅದು ಕಂಡದ್ದನ್ನು ನಂಬಿ ಬರೆಯುವುದು ಹೇಗೆ? ಅಂದಿನ ದಿನಚರಿಯಲ್ಲಿ ‘ಸಿರುಗುಪ್ಪ. ಬಿಸಿಲು. ಮಾತು ಮುಗಿಯಿತು’ ಎಂದಷ್ಟೇ ಇದೆ. ಬಸ್ಸಿನಲ್ಲಿ ಪಕ್ಕದವರು ಏನು ತಿಂದರೆಂಬುದನ್ನೂ ಬರೆಯುತ್ತಿದ್ದ ನಾನು ಅವತ್ತು ಅಷ್ಟಕ್ಕೇ ಯಾಕೆ ನಿಲ್ಲಿಸಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ನಾಚಿಕೆ.

ನನಗೆ ಸಕ್ಕರೆ ಕಾಯಿಲೆ ಬಂದದ್ದು ಹೈಸ್ಕೂಲಿನಲ್ಲಿದ್ದಾಗ. ವಯಸ್ಸಾದ ಮೇಲೆ ಬಂದು ಮಾತ್ರೆಗೆ ಬಗ್ಗುವ ಬಗೆಯಲ್ಲ. ದೇಹ ಇನ್ಸುಲಿನ್ ಮಾಡುವುದನ್ನೇ ಬಿಟ್ಟುಬಿಡುವ, ದಿನವೂ ಸೂಜಿ ಚುಚ್ಚಿಕೊಂಡೇ ಬದುಕಬೇಕಾದ ಬಗೆ. ಕುರುಗೋಡಿನ ನಮ್ಮ ಮನೆಯಲ್ಲಿ ಇನ್ಸುಲಿನ್ನಿಗೆ ‘ಟಾನಿಕ್’ ಎಂದು ಹೆಸರು. ಫ್ರಿಜ್ ಬರುವವರೆಗೆ ಅದನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮಣ್ಣಿನ ಮಡಕೆಯ ತಣ್ಣೀರಿನಲ್ಲಿ ತೇಲಿಬಿಡುತ್ತಿದ್ದೆವು. ಅಪ್ಪ ಆಗಲೇ ತೀರಿಕೊಂಡಿದ್ದರು. ಅವ್ವ ಒಬ್ಬಳೇ ನಿರ್ಧಾರ ಮಾಡಿದಳು.

“ಯಾರರ ಕೇಳಿದ್ರ ಶಕ್ತಿಗೆ ತಗೊಳ್ತೀನಿ ಅನ್ನು. ಗಂಡು ಹುಡುಗ ಅದೀ. ನಾಳೆ ಹೆಣ್ಣು ಕೊಡೋರು ನೂರು ಕಡೆ ವಿಚಾರ್ಸ್ತಾರ.”

ನಾನು ಎದುರು ಮಾತಾಡಲಿಲ್ಲ. ಅವ್ವ ಹೇಳಿದಳೆಂದು ಮುಚ್ಚಿಟ್ಟೆ ಎಂದು ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ಅವಳು ಹೇಳದಿದ್ದರೂ ಮುಚ್ಚಿಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಕಾಲೇಜಿನ ಹಾಸ್ಟೆಲಿನಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಚುಚ್ಚಿಕೊಳ್ಳುತ್ತಿದ್ದೆ. ಸೂಜಿಗೆ ಸದ್ದೇ ಇಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ?

ಎಂ.ಎಸ್ಸಿ. ಮುಗಿಸಿದ ಮೇಲೆ ಬಳ್ಳಾರಿಯ ಒಂದು ಸಣ್ಣ ಲ್ಯಾಬಿನಲ್ಲಿ ಸಂಶೋಧನಾ ಸಹಾಯಕನಾಗಿ ಸೇರಿದೆ. ಗಣಿಯ ಭರಾಟೆಯ ವರ್ಷಗಳು ಅವು. ಊರೆಲ್ಲ ಕೆಂಪು ಧೂಳು. ನಮ್ಮ ಲ್ಯಾಬಿನ ಕಿಟಕಿಗಳ ಸಂದಿಗಳಿಗೆಲ್ಲ ಟೇಪು ಅಂಟಿಸಿದ್ದೆವು, ಆದರೂ ಬೆಳಿಗ್ಗೆ ಮೇಜು ಒರೆಸಿದರೆ ಬಟ್ಟೆ ಕೆಂಪಾಗುತ್ತಿತ್ತು. ನನ್ನ ಜೊತೆ ಓದಿದವರು ಲಾರಿ ಇಟ್ಟುಕೊಂಡಿದ್ದರು. ಎದುರಾದಾಗ ಲಾರಿ ನಿಲ್ಲಿಸಿ ಕೇಳುತ್ತಿದ್ದರು.

“ಏನಲೇ ಸೈಂಟಿಸ್ಟ್, ಆಡಿನ ಹೊಟ್ಟ್ಯಾಗ ಏನು ಹುಡುಕ್ತೀಲೇ? ಅದಿರು ಗಿದಿರು ಸಿಕ್ಕೈತೇನು? ಸಿಕ್ಕಿದ್ರ ಹೇಳು, ಲಾರಿ ಕಳಸ್ತೀನಿ.”

ಆಡಿನ ಹೊಟ್ಟೆಯೊಳಗೆ ನಾವು ಹುಡುಕುತ್ತಿದ್ದುದು ಮೇದೋಜೀರಕ ಗ್ರಂಥಿಯನ್ನು. ಮಟನ್ ಮಾರ್ಕೆಟ್ಟಿನ ಒಬ್ಬರು ಅದನ್ನು ಬಿಸಿ ಆರುವ ಮುನ್ನ ತೆಗೆದು ಐಸಿನ ಡಬ್ಬಿಗೆ ಹಾಕಿಕೊಡುತ್ತಿದ್ದರು.

“ಎಲ್ಲಾರೂ ಕಲೀಜ ಕೇಳ್ತಾರ, ಗುರ್ದಾ ಕೇಳ್ತಾರ. ಬಿಸಾಡೋದನ್ನ ಕೇಳಾಕ ನೀವೊಬ್ರೇ ಬರ್ತೀರಿ ನೋಡ್ರಿ ಸಾಬ್. ಏನು ಮಾಡ್ತೀರಿ ಇದನ್ನ?”

“ಸಕ್ರಿ ಕಾಯಿಲಿಗೆ ಔಷಧ ಹುಡುಕಾಕತ್ತೀವ್ರಿ.”

“ಹಂಗಾರ ಮೊದ್ಲು ನಮ್ಮ ಅಮ್ಮಾಗ ಕೊಡ್ರಿ. ಚಾಕ್ಕ ಸಕ್ರಿ ಹಾಕಿಲ್ಲಂತ ದಿನಾ ನನ್ನ ಜೀವ ತಿಂತಾಳ” ಎಂದು ಅವರು ಜನರ ನಡುವೆ ಗಟ್ಟಿಯಾಗಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ತಾಯಿಯ ಕಾಯಿಲೆಯನ್ನು ಹೀಗೆ ಮಾರ್ಕೆಟ್ಟಿನಲ್ಲಿ ನಿಂತು ಹೇಳಬಹುದು ಎಂಬುದೇ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಮೊಟ್ಟೆಯನ್ನೂ ಒಳಗೆ ತರದ ನಮ್ಮ ಮನೆಯಲ್ಲಿ ಈ ಆಡಿನ ವಿಷಯವನ್ನೂ ನಾನು ಹೇಳಿರಲಿಲ್ಲ. “ಬಾಟ್ಲಿ ಕೆಲಸ” ಎಂದಿದ್ದೆ.

ಆ ಗ್ರಂಥಿಯೊಳಗೆ ಇನ್ಸುಲಿನ್ ಮಾಡುವ ಜೀವಕೋಶಗಳು ಸಣ್ಣ ಸಣ್ಣ ಗುಂಪುಗಳಾಗಿ ಚದುರಿಕೊಂಡಿರುತ್ತವೆ. ನೀರಿನ ನಡುವಿನ ದ್ವೀಪಗಳಂತೆ ಕಾಣುವುದರಿಂದ ಅವುಗಳನ್ನು ಐಲೆಟ್ ಎನ್ನುತ್ತಾರೆ. ಒಂದೊಂದೂ ಗಸಗಸೆ ಕಾಳಿಗಿಂತ ಸಣ್ಣದು. ಅವುಗಳನ್ನು ಬಿಡಿಸಿ ತೆಗೆದು, ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿಟ್ಟು, ಮೈಯಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರಿನೊಳಗೆ ಸಾಕುವುದು ನನ್ನ ಕೆಲಸ. ಅವು ಕೆಲವು ದಿನ ಚೆನ್ನಾಗಿದ್ದು ಆಮೇಲೆ ಯಾಕೆ ಸಾಯುತ್ತವೆ ಎಂಬುದು ಲ್ಯಾಬಿನ ಪ್ರಶ್ನೆ. ಮುಂದೆ ಎಂದಾದರೂ ಇಂಥವನ್ನು ರೋಗಿಯ ದೇಹದೊಳಗೆ ಇಡುವಂತಾಗಬೇಕಾದರೆ ಮೊದಲು ಹೊರಗೆ ಬದುಕಿಸಿಟ್ಟುಕೊಳ್ಳುವುದು ತಿಳಿದಿರಬೇಕು. ನನ್ನೊಳಗೆ ಸತ್ತುಹೋದದ್ದನ್ನೇ ಸೂಕ್ಷ್ಮದರ್ಶಕದಲ್ಲಿ ದಿನವೂ ನೋಡುತ್ತಿದ್ದೆ. ಲ್ಯಾಬಿನ ಮುಖ್ಯಸ್ಥೆಯಾಗಿದ್ದ ಮೇಡಂಗೂ ಅದು ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅವ್ವ ಸಿರುಗುಪ್ಪದ ಒಂದು ಸಂಬಂಧ ನೋಡಿದಳು. ಹುಡುಗಿಯ ತಂದೆ ಅಕ್ಕಿ ಗಿರಣಿಯೊಂದರಲ್ಲಿ ಮ್ಯಾನೇಜರ್. ಲಾರಿ ಇಟ್ಟಿದ್ದ ಒಬ್ಬ ಹುಡುಗನನ್ನು ಅವರು ಬೇಡವೆಂದಿದ್ದರಂತೆ. “ಇವತ್ತು ಇರ್ತಾವ, ನಾಳೆ ಇರಂಗಿಲ್ಲ ಲಾರಿ. ಓದಿದವರ ಮಾತು ಒಂದೇ ಇರ್ತೈತಿ” ಎಂದು ಅವ್ವನ ಎದುರೇ ಹೇಳಿದ್ದರು. ಅವ್ವ ಅದನ್ನು ನನಗೆ ಹೆಮ್ಮೆಯಿಂದ ವರದಿ ಮಾಡಿದ್ದಳು. ಹುಡುಗಿಯ ಫೋಟೋ ನನಗೆ ಹಿಡಿಸಿತ್ತು. ಈ ಮದುವೆ ಆಗಬೇಕೆಂದು ಅವ್ವನಿಗಿಂತ ಹೆಚ್ಚಾಗಿ ನನಗೇ ಆಸೆಯಿತ್ತು ಎಂಬುದನ್ನು ಮರೆಯದೆ ಬರೆಯಬೇಕು, ಇಲ್ಲವಾದರೆ ಮುಂದಿನದೆಲ್ಲ ಅವ್ವನ ತಲೆಗೇ ಕಟ್ಟಿದಂತಾಗುತ್ತದೆ.

ಸಿರುಗುಪ್ಪಕ್ಕೆ ಹೊರಡುವ ಹಿಂದಿನ ಸಂಜೆ ಲ್ಯಾಬಿನಲ್ಲಿ ನಾನೊಬ್ಬನೇ ಇದ್ದೆ. ಸಾಲಾಗಿ ರಜೆ, ಸೋಮವಾರದವರೆಗೆ ಯಾರೂ ಬರುವುದಿಲ್ಲ. ಬಿಸಿಲಿಗೆ ಇನ್‌ಕ್ಯುಬೇಟರಿನೊಳಗೆ ತೇವಕ್ಕೆಂದು ಇಟ್ಟ ನೀರಿನ ತಟ್ಟೆಯೇ ಒಣಗುತ್ತಿತ್ತು. ಹೊಸ ಐಲೆಟ್‌ಗಳು ಆರು ತಾಸು ದುಡಿದು ತೆಗೆದವು, ಒಣಗಿದರೆ ಮುಗಿಯಿತು. ಅವುಗಳನ್ನು ಸಾಕುವ ಚಪ್ಪಟೆ ಸೀಸೆಯನ್ನು, ಫ್ಲಾಸ್ಕನ್ನು, ಮಲಗಿಸಿ ಇಡುವಾಗ ದ್ರವ ತೆಳ್ಳಗೆ ಹರಡಿಕೊಂಡಿರುತ್ತದೆ, ನೋಡಿದರೆ ಪಾಪ ಅನ್ನಿಸುವಷ್ಟು. ನಮ್ಮ ಮನೆಯಲ್ಲಿ ಯಾರಿಗಾದರೂ ಅರ್ಧ ಲೋಟ ನೀರು ಕೊಟ್ಟರೆ ಅವ್ವ ಅಲ್ಲೇ ಕಣ್ಣು ಕೆಂಪಗೆ ಮಾಡುತ್ತಿದ್ದಳು. ಅಂಚಿನವರೆಗೆ ಬಂದು ತುಳುಕಬೇಕು, ಆಗಲೇ ಅದು ಕೊಟ್ಟಂತೆ. ನಾನು ಫ್ಲಾಸ್ಕಿಗೆ ಆ ಗುಲಾಬಿ ದ್ರವ ಸುರಿದೆ. ಇನ್ನೂ ಸುರಿದೆ. ಕುತ್ತಿಗೆಯವರೆಗೆ ಬಂದಾಗ ನಿಲ್ಲಿಸಿ ಮುಚ್ಚಳ ಹಾಕಿದೆ. ಊಟ ಕಟ್ಟಿಕೊಟ್ಟು ಹೊರಟ ಸಮಾಧಾನವಾಯಿತು.

ಸಿರುಗುಪ್ಪದ ಮನೆಯಲ್ಲಿ ಮೊದಲು ನಿಂಬೆಹಣ್ಣಿನ ಪಾನಕ ತಂದರು, ತುಳುಕುವ ಲೋಟಗಳಲ್ಲಿ. ನಾನು ಬೇಡವೆಂದೆ. ಊಟಕ್ಕೆ ಹೋಳಿಗೆ ಇರುತ್ತದೆಂದು ಲೆಕ್ಕ ಹಾಕಿ, ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲೇ ಇನ್ಸುಲಿನ್ ಸ್ವಲ್ಪ ಹೆಚ್ಚು ಚುಚ್ಚಿಕೊಂಡು ಬಂದಿದ್ದೆ. ಇನ್ನೇನು ಎಲೆ ಹಾಕುತ್ತಾರೆ ಎಂದುಕೊಂಡಿದ್ದೆ.

ಹಿರಿಯರು ಮಾತಿಗೆ ಕೂತಾಗ ನಮ್ಮಿಬ್ಬರನ್ನು ಮಾಳಿಗೆಯ ಮೇಲೆ ಕಳಿಸಿದರು. ಮೆಟ್ಟಿಲ ಬಾಗಿಲಲ್ಲಿ ಹುಡುಗಿಯ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹುಡುಗಿ ಬಿ.ಎಸ್ಸಿ. ಮಾಡಿದ್ದವಳು. ನಾಚಿಕೆಪಡುತ್ತಾಳೆ ಎಂದುಕೊಂಡಿದ್ದೆ, ಅವಳು ನೇರವಾಗಿ ನನ್ನ ಕೆಲಸದ ಬಗ್ಗೆ ಕೇಳಿದಳು. ನಾನು ಐಲೆಟ್ ಕಥೆ ಹೇಳಿದೆ, ಆಡಿನ ವಿಷಯವನ್ನೂ ಹೇಳಿದೆ. ಅವಳು ಮೂಗು ಮುರಿಯಲಿಲ್ಲ.

“ಅವು ನೀರಾಗ ಇರ್ತಾವಲ್ರಿ, ಗಾಳಿ ಎಲ್ಲಿಂದ ಸಿಗತೈತಿ?”

“ಮ್ಯಾಲಿಂದ. ಗಾಳಿಯಾಗಿನ ಆಕ್ಸಿಜನ್ ನೀರಿನಾಗ ಕರಗಿ ನಿಧಾನಕ್ಕ ತಳಕ್ಕಿಳಿತೈತಿ.”

ಹೇಳುತ್ತಿದ್ದಂತೆ ಫ್ಲಾಸ್ಕಿನ ಕುತ್ತಿಗೆ ಕಣ್ಣ ಮುಂದೆ ಬಂದು ಹೋಯಿತು. ಅಥವಾ ಇದು ಆಮೇಲೆ ನಾನು ಸೇರಿಸಿಕೊಂಡದ್ದಿರಬಹುದು. ಅವಳು ಇನ್ನೊಂದು ಪ್ರಶ್ನೆ ಕೇಳಿದಳು.

“ಸಕ್ರಿ ಕಾಯಿಲಿ ಮ್ಯಾಲೇ ಯಾಕ ಕೆಲಸ ಮಾಡ್ತೀರಿ? ನಿಮ್ಮ ಮನ್ಯಾಗ ಯಾರಿಗರ ಐತೇನ್ರಿ?”

ಇದಕ್ಕೆ ನಾನು ಏನೆಂದೆ ಎಂಬುದರ ಬಗ್ಗೆ ನನ್ನೊಳಗೆ ಎರಡು ನೆನಪುಗಳಿದ್ದವು. ಒಂದರಲ್ಲಿ “ಈಗ ಯಾರ ಮನ್ಯಾಗ ಇಲ್ಲ ಹೇಳ್ರಿ” ಎಂದು ನಗುತ್ತೇನೆ. ಅದು ಸುಳ್ಳಲ್ಲ. ಇನ್ನೊಂದು ನೆನಪು ಚಿಕ್ಕದು, ಒಂದೇ ಪದದ್ದು. ಬಹಳ ಕಾಲ ನಾನು ಮೊದಲನೆಯದನ್ನೇ ಇಟ್ಟುಕೊಂಡಿದ್ದೆ.

ಕೆಳಗೆ ಮಾತು ಮುಗಿದಿತ್ತು. ನಮ್ಮ ಕಡೆ ಮಾತು ಮುಗಿದ ಮೇಲೆ ಎರಡೂ ಕಡೆಯವರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಬೇಕು. ಹಾಕಿದರೆ ಗಟ್ಟಿ. ಊಟ ಅದಾದ ಮೇಲೆ. ತಟ್ಟೆ ತುಂಬ ಸಕ್ಕರೆ, ಅದರ ನಡುವೆ ಒಂದು ತೆಂಗಿನಕಾಯಿ ನನ್ನ ಎದುರಿಗೇ ಬಂತು. ಆದರೆ ಹುಡುಗಿಯ ಸೋದರಮಾವ ಹಚ್ಚೊಳ್ಳಿಯಿಂದ ಬರಬೇಕಿತ್ತು, ಅವರಿಲ್ಲದೆ ಶಾಸ್ತ್ರ ಇಲ್ಲ. ಕಾಲುವೆ ದಾರಿಯಲ್ಲಿ ಅವರ ಟ್ರ್ಯಾಕ್ಟರು ಕೆಟ್ಟು ನಿಂತಿದೆ ಎಂದು ಫೋನು ಬಂತು. “ಬಂದ್ರು, ಬಂದ್ರು” ಎನ್ನುತ್ತ ಎಲ್ಲರೂ ಕೂತರು.

ಕೈ ನಡುಗತೊಡಗಿದ್ದು ನೆನಪಿದೆ. ಜೇಬು ಮುಟ್ಟಿ ನೋಡಿಕೊಂಡೆ. ಯಾವಾಗಲೂ ಇಟ್ಟುಕೊಳ್ಳುವ ಬಿಸ್ಕತ್ತಿನ ಪೊಟ್ಟಣ ಹಳೆಯ ಅಂಗಿಯಲ್ಲಿ ಉಳಿದಿತ್ತು, ಇದು ಹೊಸ ಅಂಗಿ. ಒಂದು ಲೋಟ ಪಾನಕ ಕೊಡಿ ಎನ್ನಬಹುದಿತ್ತು. ಬೇಡ ಎಂದವನು ಈಗ ಹೇಗೆ ಕೇಳುವುದು ಎಂದು ಕೂತೆ. ಬೆವರು ಹೊಸ ಅಂಗಿಯನ್ನು ಬೆನ್ನಿಗೆ ಅಂಟಿಸಿತು. ಯಾರೋ ಫ್ಯಾನು ಜೋರು ಮಾಡಿದರು. ಆಮೇಲೆ ಗೋಡೆಯ ಕ್ಯಾಲೆಂಡರು ಎರಡಾಯಿತು. ಅಲ್ಲಿಂದ ಮುಂದಿನದು ಅವ್ವನ ಮಾತು.

ನಾನು ತೆಂಗಿನಕಾಯಿಯನ್ನು ಪಕ್ಕಕ್ಕೆ ಸರಿಸಿ, ತಟ್ಟೆಯಿಂದ ಸಕ್ಕರೆಯನ್ನು ಮುಷ್ಟಿಯಲ್ಲಿ ಬಾಚಿ ಬಾಯಿಗೆ ಹಾಕಿಕೊಂಡೆನಂತೆ. ಒಮ್ಮೆಯಲ್ಲ, ಮತ್ತೆ ಮತ್ತೆ. ಮೀಸೆಗೆ, ಎದೆಗೆ, ಜಮಖಾನೆಗೆಲ್ಲ ಸಕ್ಕರೆ ಚೆಲ್ಲಿತಂತೆ. ಮೊದಲು ಬಾಯಿ ತೆರೆದವರು ಅಜ್ಜಿ.

“ಪಾನಕ ಬ್ಯಾಡ ಅಂದವರು ನೋಡವ್ವಾ, ಸಕ್ರಿಗೆ ಹೆಂಗ ಬಿದ್ದಾರ! ಅಳಿಯಗ ಭಾಳ ಅವಸರ ಐತಿ. ಮಾವ ಬರೂತನಕ ತಡಿವಲ್ಲ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವ ಆ ನಗುವನ್ನು ಕೈಯಲ್ಲಿ ಹಿಡಿದುಕೊಂಡಳು.

“ಸಣ್ಣಂದಿನಿಂದ ಹಿಂಗ ರೀ ಇವ. ಇವನ ಸಲುವಾಗಿ ಸಕ್ರಿ ಡಬ್ಬಿ ಬಚ್ಚಿಡ್ತಿದ್ದೆ.”

ಅವ್ವ ಬಚ್ಚಿಡುತ್ತಿದ್ದುದು ನಿಜವೇ. ನನಗೆ ತಿಳಿವು ಮರಳುವ ಹೊತ್ತಿಗೆ ಈ ನಗು ಇನ್ನೂ ನಡೆದಿತ್ತು, ಹುಡುಗಿಯ ತಂದೆ ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲರೂ ನಗುತ್ತಿದ್ದ ಆ ಚಿತ್ರ ಮಾತ್ರ ನನ್ನದೇ ನೆನಪು ಎಂದು ನಂಬಿದ್ದೆ. ಸೋದರಮಾವ ಬಂದರು, ಅವರಿಗೂ ಕಥೆ ಹೇಳಿ ನಕ್ಕರು. ಹುಡುಗಿಯ ತಂದೆ ಉಳಿದ ಸಕ್ಕರೆಯಲ್ಲಿ ಒಂದು ಚಿಟಿಕೆ ತೆಗೆದು “ಇನ್ನೊಂದ್ ಸ್ವಲ್ಪ ಜಾಗ ಐತೇನ್ರಿ?” ಎಂದು ನನ್ನ ಬಾಯಿಗೆ ಹಾಕಿದರು. ನಾನು ಬಾಯಿ ತೆರೆದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಪಿಸುಮಾತಿನಲ್ಲಿ ಅಂದಳು: “ದೇವರು ದೊಡ್ಡಾಂವ. ಮುದುಕಿ ಬಾಯಾಗ ಆ ಮಾತು ಇಟ್ಟ.”

ಸೋಮವಾರ ಫ್ಲಾಸ್ಕನ್ನು ಹೊರತೆಗೆದಾಗ ಗುಲಾಬಿ ಬಣ್ಣ ಹಳದಿಗೆ ತಿರುಗಿತ್ತು, ದ್ರವ ಹುಳಿಯಾದ ಗುರುತು. ಮುಚ್ಚಳದ ಒಳಗೆ ಗಾಳಿಯಾಡಲು ಇರುವ ಜಾಲರಿ ಒದ್ದೆಯಾಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಐಲೆಟ್‌ಗಳ ಅಂಚು ನೆಟ್ಟಗೆ, ದುಂಡಗೆ ಇತ್ತು. ದೊಡ್ಡವುಗಳ ನಡುವೆ ಮಾತ್ರ ಸತ್ತ ಕೋಶಗಳ ಕಪ್ಪು. ಮೇಡಂ ಅನಂತಪುರದ ಕಡೆಯವರು, ಸಿಟ್ಟು ಬಂದರೆ ಕನ್ನಡದೊಳಗೆ ತೆಲುಗು ಇಣುಕುತ್ತಿತ್ತು. ಫ್ಲಾಸ್ಕನ್ನು ಬೆಳಕಿಗೆ ಹಿಡಿದರು.

“ಏಮಯ್ಯಾ, ಇವಕ್ಕೆ ಊಟ ಹಾಕಿದ್ಯಾ, ಜಲಸಮಾಧಿ ಮಾಡಿದ್ಯಾ?”

“ಒಣಗ್ತಾವ ಅಂತ, ಮೇಡಂ.”

“ಮೇಲಿಂದ ಗಾಳಿ ಇಳೀಬೇಕಲ್ಲ? ಇಷ್ಟು ಆಳ ದಾಟಿ ತಳಕ್ಕೆ ಎಷ್ಟು ಬರುತ್ತೆ? ಬಂದದ್ದನ್ನ ಹೊರಗಿನ ಕೋಶಗಳೇ ತಿಂದುಬಿಡ್ತಾವೆ. ನಡುವಿನವು ಏನು ಮಾಡ್ಬೇಕು?”

ಬದುಕಿದಂತೆ ಕಂಡ ಚಿಕ್ಕವುಗಳಿಗೆ ಗ್ಲೂಕೋಸ್ ಕೊಟ್ಟು ನೋಡಲು ಹೇಳಿದರು. ಸಕ್ಕರೆ ಕಂಡರೆ ಆರೋಗ್ಯವಂತ ಐಲೆಟ್ ಇನ್ಸುಲಿನ್ ಬಿಡಬೇಕು. ಇವು ಹೆಚ್ಚುಕಡಿಮೆ ಏನೂ ಬಿಡಲಿಲ್ಲ. “ಸಾಯೋಕೆ ಮುಂಚೆನೇ ಕೆಲಸ ನಿಲ್ಲಿಸ್ತಾವೆ. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ” ಎಂದರು. ಆಮೇಲೆ ಅದನ್ನೇ ಪ್ರಯೋಗ ಮಾಡಿಸಿದರು. ತೆಳ್ಳಗೆ, ಅದಕ್ಕಿಂತ ಸ್ವಲ್ಪ ಆಳ, ಇನ್ನೂ ಆಳ. ಕಡಿಮೆ ಐಲೆಟ್, ಕಿಕ್ಕಿರಿದ ಐಲೆಟ್. ದ್ರವ ತೆಳ್ಳಗಿದ್ದಲ್ಲಿ, ಒಂದರಿಂದೊಂದು ದೂರ ಇದ್ದಲ್ಲಿ ಅವು ಚೆನ್ನಾಗಿ ಉಳಿದವು.

ಆ ಕಪ್ಪು ನಡುವನ್ನು ನೋಡಿ ನನಗೆ ಬುದ್ಧಿ ಬಂತು, ಅದಕ್ಕೇ ಸಿರುಗುಪ್ಪಕ್ಕೆ ಹೋಗಿ ನಿಜ ಹೇಳಿದೆ ಎಂದು ಒಬ್ಬಿಬ್ಬರು ಗೆಳೆಯರಿಗೆ ಹೇಳಿದ್ದೇನೆ. ಕಥೆ ಚೆನ್ನಾಗಿ ಕೂಡುತ್ತದೆ. ಆದರೆ ಹಾಗೆ ಆಗಲಿಲ್ಲ. ಕಪ್ಪನ್ನು ನೋಡಿದ ಮೇಲೂ ವಾರಗಟ್ಟಲೆ ಸುಮ್ಮನಿದ್ದೆ, ಹುಡುಗಿಯ ಜೊತೆ ಫೋನಿನಲ್ಲಿ ಹವಾಮಾನದ ಮಾತಾಡಿದೆ. ಒಂದು ದಿನ ಅವ್ವ ಮದುವೆಯ ಏರ್ಪಾಟು ಹೇಳಿದಳು. ಮದುವೆ ಅವರ ಮನೆ ಮುಂದೆ, ನಾವು ಹಿಂದಿನ ದಿನವೇ ಹೋಗಿ ಉಳಿಯಬೇಕು. ನನಗೆ ಬಂದ ಮೊದಲ ಯೋಚನೆ, ಆ ಬಿಸಿಲಲ್ಲಿ ಇನ್ಸುಲಿನ್ ಬಾಟಲಿಯನ್ನು ಯಾರ ಫ್ರಿಜ್ಜಿನಲ್ಲಿ ಇಡುವುದು? ಹೂವು, ಹಾಲು, ಬಾಳೆಹಣ್ಣಿನ ನಡುವೆ ಯಾರಾದರೂ ಅದನ್ನು ಎತ್ತಿ “ಇದೇನ್ರೀ” ಎಂದರೆ? ಹುಡುಗಿಯ ಬಾಳಿನ ಯೋಚನೆ ನನ್ನನ್ನು ಬಸ್ಸು ಹತ್ತಿಸಲಿಲ್ಲ. ಸಿಕ್ಕಿಬೀಳುವ ಭಯ ಹತ್ತಿಸಿತು.

ಅವ್ವನಿಗೆ ಹೇಳದೆ ಹೋದೆ. ಹುಡುಗಿಯ ತಂದೆ ಆಗಷ್ಟೇ ಗಿರಣಿಯಿಂದ ಬಂದಿದ್ದರು, ಹುಬ್ಬಿನ ಮೇಲೆ ತೌಡಿನ ಧೂಳು. ನನ್ನನ್ನು ಕಂಡು “ಬರ್ರಿ, ಬರ್ರಿ. ಸಕ್ರಿ ಖಾಲಿ ಆತೇನು ಬಳ್ಳಾರಿಯಾಗ?” ಎಂದು ನಕ್ಕರು. ನಾನು ಕೂರದೆ ಹೇಳಿಬಿಟ್ಟೆ. ಹೈಸ್ಕೂಲಿನಿಂದ ಇದೆ, ದಿನವೂ ಸೂಜಿ, ಅವತ್ತು ಆದದ್ದು ಅವಸರವಲ್ಲ.

ಬೈಯುತ್ತಾರೆ ಎಂದು ಕಾದಿದ್ದೆ. ಅವರು ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು.

“ನಿಮ್ಮ ಬಾಯಿಗೆ ಸಕ್ರಿ ಹಾಕಿದಾಂವ ನಾನು. ಗೊತ್ತಿದ್ರ ಹಾಕ್ತಿದ್ನೇನ್ರಿ? ನನ್ನ ಕೈಲೆ ಹಾಕಿಸ್ಕೊಂಡ್ರಿ.”

ಇಲ್ಲಿ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಾನು ಪಾಠ ಶುರು ಮಾಡಿದೆ. ಅವತ್ತು ಸಕ್ಕರೆ ನನಗೆ ವಿಷವಲ್ಲ, ಔಷಧವಾಗಿತ್ತು, ಇನ್ಸುಲಿನ್ ಹೆಚ್ಚಾದರೆ ರಕ್ತದ ಸಕ್ಕರೆ ಇಳಿಯುತ್ತದೆ, ಆಗ ತಿನ್ನಲೇಬೇಕು, ನೀವು ಹಾಕಿದ್ದರಿಂದ ಏನೂ ಕೆಟ್ಟದಾಗಲಿಲ್ಲ ಎಂದೆಲ್ಲ. ಎಲ್ಲವೂ ಸರಿಯಾದ ಮಾಹಿತಿ. ಅವರು ಕೈ ಎತ್ತಿ ತಡೆದರು.

“ಅದು ನಿಮಗ ಗೊತ್ತಿತ್ತು. ನನಗ ಗೊತ್ತಿರಲಿಲ್ಲ. ಅವತ್ತು ಹೇಳಿದ್ರ ನಾವು ನಗ್ತಿರಲಿಲ್ಲ, ಗಾಬರಿ ಬಿದ್ದು ಓಡಾಡ್ತಿದ್ವಿ. ನಗಿಸಿದ್ರಿ ನಮ್ಮನ್ನ.”

ಆಮೇಲೆ ಒಳಗೆ ತಿರುಗಿ ಕೂಗಿದರು: “ಚಾ ತರ್ರಿ. ಇವರಿಗೆ ಸಕ್ರಿ ಹಾಕಬ್ಯಾಡ್ರಿ. ಸಕ್ರಿ ಕಾಯಿಲಿ ಐತಂತ.”

ಅವರ ದನಿ ದೊಡ್ಡದು. ಗಿರಣಿಯ ಸದ್ದಿನಲ್ಲಿ ಮಾತಾಡಿ ರೂಢಿ. ಪಕ್ಕದ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ನನ್ನ ಬದುಕಿನಲ್ಲಿ ನನ್ನ ಬಗ್ಗೆ ಆ ಮಾತನ್ನು ಯಾರಾದರೂ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಹಗುರಾಯಿತು ಎಂದು ಬರೆಯಲು ಕೈ ಹೋಗುತ್ತದೆ. ಹಗುರಾಗಲಿಲ್ಲ. ಓಡಿಹೋಗಬೇಕು ಅನ್ನಿಸಿತು. ಹೇಳಲೆಂದೇ ಬಂದವನಿಗೆ, ಕೇಳಿಸಿಕೊಂಡವರು ಹೇಳಿದಾಗ ಯಾಕೆ ಅಷ್ಟು ನಾಚಿಕೆಯಾಗಬೇಕು?

ಚಹಾ ತಂದವಳು ಹುಡುಗಿ. ಲೋಟ ತುಳುಕುತ್ತಿತ್ತು. ನನ್ನ ಮುಂದಿಟ್ಟು ಅಲ್ಲೇ ನಿಂತಳು.

“ಮಾಳಿಗಿ ಮ್ಯಾಲೆ ನಾ ಕೇಳಿದ್ದೆ, ಮನ್ಯಾಗ ಯಾರಿಗರ ಐತೇನಂತ.”

“ಹೌದು.”

“ಇಲ್ಲ ಅಂದ್ರಿ.”

ಅಷ್ಟೇ. ಒಂದೇ ಪದದ ಆ ಚಿಕ್ಕ ನೆನಪೇ ನಿಜವಾಗಿತ್ತು. ಅವಳು ಹೋಗುವ ಮುನ್ನ ಇನ್ನೊಂದು ಮಾತು ಹೇಳಿದಳು.

“ಅವತ್ತು ಎಲ್ಲಾರೂ ನಕ್ಕಾಗ ನಾ ನಗಲಿಲ್ರಿ. ನಿಮ್ಮ ಕೈ ನಡಗೋದು ಕಂಡಿತ್ತು. ನೀವಾಗೇ ಹೇಳ್ತೀರಿ ಅಂತ ಇಷ್ಟು ದಿನ ಫೋನಿನಾಗ ಕಾದೆ.”

ನನ್ನದೇ ಎಂದು ನಂಬಿದ್ದ ಆ ಒಂದು ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದಾರೆ, ಅವಳೂ. ಅವಳನ್ನು ಅಲ್ಲಿಂದ ತೆಗೆಯಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗುವುದಿಲ್ಲ.

ಅವಳ ತಂದೆ ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದರು. ಬಸ್ಸು ಬಂದಾಗ “ಈ ಸಂಬಂಧ ಇಲ್ಲಿಗೇ ಬಿಡೋಣ್ರಿ. ನಿಮ್ಮ ಅವ್ವಾರಿಗೆ ನಾನೇ ಫೋನ್ ಮಾಡ್ತೀನಿ. ನೀವು ಹೇಳಾಕ ಹೋಗಬ್ಯಾಡ್ರಿ” ಎಂದರು. ಆ ಕೆಲಸವನ್ನೂ ಅವರ ಮೇಲೆ ಹೊರಿಸಿ ನಾನು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು, ಸಕ್ಕರೆಯಿಲ್ಲದ ಚಹಾದ ರುಚಿ ಬಾಯಲ್ಲಿ ಇನ್ನೂ ಇರುವಾಗಲೇ, ಅವ್ವನ ಮುಂದೆ ಏನೂ ಗೊತ್ತಿಲ್ಲದವನಂತೆ ಹೇಗೆ ನಿಲ್ಲಬೇಕು ಎಂದು ಯೋಚಿಸತೊಡಗಿದ್ದೆ.